ಗರ್ಭಿಣಿಗೆ ಗರ್ಭಕಂಠದ ಕ್ಯಾನ್ಸರ್: ರೋಬೋಟಿಕ್ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ

ಗರ್ಭಿಣಿಗೆ ಗರ್ಭಕಂಠದ ಕ್ಯಾನ್ಸರ್ ಇರುವುದು ಖಚಿತವಾಗಿ, ವೈದ್ಯರು ರೋಬೋಟಿಕ್ ಶಸ್ತ್ರಚಿಕಿತ್ಸೆಯ (ಸಣ್ಣ ರಂಧ್ರಗಳ ಮೂಲಕ ಯಂತ್ರದ ತೋಳುಗಳನ್ನು ನಡೆಸಿ ವೈದ್ಯರು ಮಾಡುವ ಶಸ್ತ್ರಚಿಕಿತ್ಸೆ) ಮಾತೆತ್ತಿದರೆ, ಯಂತ್ರದ ವಿಚಾರ ಬದಿಗಿರಲಿ, ಅದರಿಂದ ತೆಗೆಯುವುದು ಏನನ್ನು ಎಂದು ಮೊದಲು ಕೇಳಿ. ಸೊಂಟದ ಭಾಗದ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್; ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳು) ತೆಗೆದು ಪರೀಕ್ಷಿಸುವುದು ಒಂದು ಕೆಲಸ. ಗಡ್ಡೆಯ ಸಮೇತ ಗರ್ಭಕೋಶವನ್ನೇ ತೆಗೆಯುವುದು ಬೇರೆಯೇ ಕೆಲಸ. ಮೊದಲನೆಯದರಲ್ಲಿ ಗರ್ಭವನ್ನು ಉಳಿಸಿಕೊಳ್ಳಬಹುದು, ಎರಡನೆಯದರಲ್ಲಿ ಸಾಧ್ಯವಿಲ್ಲ.

ಆ ಮಾತಿಗೂ ಮುಂಚೆ ರೋಗದ ಹಂತ ಮತ್ತು ಗರ್ಭದ ವಾರಗಳು ಸ್ಪಷ್ಟವಾಗಿರಬೇಕು. ಗರ್ಭಿಣಿಗೆ ಕಾಲ್ಪಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದ ಪರೀಕ್ಷೆ) ಮಾಡಿ ಬಯಾಪ್ಸಿಗೆ ಚೂರು ತೆಗೆಯಬಹುದು, ಆದರೆ ಗರ್ಭಕಂಠದ ನಾಳದ ಒಳಭಾಗವನ್ನು ಕೆರೆದು ಮಾದರಿ ತೆಗೆಯುವಂತಿಲ್ಲ. ಗಡ್ಡೆಯ ಅಳತೆಗೆ ಎಂಆರ್‌ಐ ಸಾಕು. ಚಿತ್ರ ಸ್ಪಷ್ಟವಾಗಲೆಂದು ಬಳಸುವ ಗ್ಯಾಡೊಲಿನಿಯಂ ಚುಚ್ಚುಮದ್ದನ್ನು ಕೊಡುವುದಿಲ್ಲ.

ಗರ್ಭ ಉಳಿಸಿಕೊಂಡು ರೋಬೋಟ್ ಬಳಸುವುದು ಮುಖ್ಯವಾಗಿ ದುಗ್ಧಗ್ರಂಥಿಗಳ ಪರೀಕ್ಷೆಗೆ. ಇದಕ್ಕೆ ಸುಮಾರು 22 ವಾರಗಳವರೆಗೆ ಮಾತ್ರ ಅವಕಾಶವಿದೆ. ಆಮೇಲೆ ಬೆಳೆದ ಗರ್ಭಕೋಶ ಉಪಕರಣಗಳಿಗೆ ಜಾಗ ಕೊಡುವುದಿಲ್ಲ. ಗಡ್ಡೆ ಚಿಕ್ಕದಿದ್ದು ಗ್ರಂಥಿಗಳಲ್ಲಿ ಕ್ಯಾನ್ಸರ್ ಕಾಣದಿದ್ದರೆ, ನಿಗಾ ಇಟ್ಟುಕೊಂಡು ಮುಖ್ಯ ಚಿಕಿತ್ಸೆಯನ್ನು ಹೆರಿಗೆಯವರೆಗೆ ಮುಂದೂಡಬಹುದು, ಅಥವಾ ಮೊದಲ ಮೂರು ತಿಂಗಳು ಕಳೆದ ಬಳಿಕ ಪ್ಲಾಟಿನಂ ಆಧಾರಿತ ಕೀಮೋಥೆರಪಿ ಆರಂಭಿಸಬಹುದು. ಗ್ರಂಥಿಗಳಿಗೂ ಹರಡಿದ್ದರೆ ಗರ್ಭ ಮುಂದುವರಿಸುವ ಪ್ರಶ್ನೆಯನ್ನೇ ಮತ್ತೆ ಎತ್ತಬೇಕಾಗುತ್ತದೆ. ಇದೇ ಪರೀಕ್ಷೆಯನ್ನು ನುರಿತ ಕೈ ಸಾಮಾನ್ಯ ಲ್ಯಾಪರೋಸ್ಕೋಪಿಯಲ್ಲೂ (ಸಣ್ಣ ರಂಧ್ರಗಳ ಮೂಲಕ ರೋಬೋಟ್ ಇಲ್ಲದೆ ಮಾಡುವ ಶಸ್ತ್ರಚಿಕಿತ್ಸೆ) ಮಾಡುತ್ತದೆ. ಆದ್ದರಿಂದ ರೋಬೋಟ್ ಇರುವ ಆಸ್ಪತ್ರೆಯನ್ನು ಹುಡುಕುತ್ತ ವಾರಗಳನ್ನು ಕಳೆಯುವುದು ನನ್ನ ದೃಷ್ಟಿಯಲ್ಲಿ ದುಬಾರಿ ತಪ್ಪು.

ಒಪ್ಪಿದ ಮೇಲೆ ಅರಿವಳಿಕೆ ತಜ್ಞರೊಡನೆಯೂ ಮಾತಾಡಿ. ಮೊದಲ ರಂಧ್ರವನ್ನು ಗರ್ಭಕೋಶದ ತುದಿಗಿಂತ ಸಾಕಷ್ಟು ಮೇಲೆ ಮಾಡಬೇಕು, ಜಾಗ ಮಾಡಿಕೊಳ್ಳಲು ಹೊಟ್ಟೆಯೊಳಗೆ ತುಂಬುವ ಅನಿಲದ ಒತ್ತಡವನ್ನು 10ರಿಂದ 15 ಮಿ.ಮೀ. ಪಾದರಸದ ಮಿತಿಯಲ್ಲಿಡಬೇಕು, ಮುಖ್ಯ ರಕ್ತನಾಳದ ಮೇಲೆ ಗರ್ಭದ ಭಾರ ಬೀಳದಂತೆ ತಾಯಿಯನ್ನು ಎಡಕ್ಕೆ ವಾಲಿಸಿ ಮಲಗಿಸಬೇಕು. ರೋಬೋಟ್‌ನ ತೋಳುಗಳನ್ನು ಜೋಡಿಸಿದ ಬಳಿಕ ಮೇಜಿನ ವಾಲಿಕೆಯನ್ನು ಬದಲಿಸುವುದು ಬಹುತೇಕ ಯಂತ್ರಗಳಲ್ಲಿ ಸುಲಭವಲ್ಲವಾದ್ದರಿಂದ, ತುರ್ತು ಬಂದರೆ ತೋಳುಗಳನ್ನು ಎಷ್ಟು ಬೇಗ ಬಿಡಿಸುತ್ತಾರೆಂದು ಕೇಳುವುದು ಅತಿಯಾಯಿತು ಎನಿಸದು. ಶಸ್ತ್ರಚಿಕಿತ್ಸೆಯ ಮುನ್ನ ಮತ್ತು ನಂತರ ಮಗುವಿನ ಹೃದಯಬಡಿತವನ್ನು ದಾಖಲಿಸಬೇಕು.

ಗರ್ಭಕೋಶವನ್ನು ತೆಗೆಯುವ ಮಾತು ಬಂದಾಗ ಲೆಕ್ಕ ಬದಲಾಗುತ್ತದೆ. 2018ರಲ್ಲಿ ಪ್ರಕಟವಾದ, ಗರ್ಭಿಣಿಯರಲ್ಲದ ಮಹಿಳೆಯರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಹೊಟ್ಟೆ ತೆರೆದು ಮಾಡಿದ ಶಸ್ತ್ರಚಿಕಿತ್ಸೆಯ ನಾಲ್ಕೂವರೆ ವರ್ಷಗಳ ಬಳಿಕ ಶೇ. 96.5ರಷ್ಟು ಮಂದಿ ರೋಗ ಮರುಕಳಿಸದೆ ಬದುಕಿದ್ದರೆ, ಲ್ಯಾಪರೋಸ್ಕೋಪಿ ಮತ್ತು ರೋಬೋಟ್ ಬಳಸಿದ ಗುಂಪಿನಲ್ಲಿ ಆ ಪ್ರಮಾಣ ಶೇ. 86 ಮಾತ್ರ ಇತ್ತು. ಆ ಗುಂಪಿನಲ್ಲಿ ರೋಬೋಟಿಕ್ ವಿಧಾನದವರು ಕಡಿಮೆಯಿದ್ದರೂ, ಅಂದಿನಿಂದ ತೆರೆದ ವಿಧಾನವೇ ಮಾನದಂಡವಾಗಿದೆ. ಚಿಕ್ಕ ಗಾಯ, ಬೇಗ ಚೇತರಿಕೆ ಎಂಬ ಕಾರಣಗಳನ್ನಷ್ಟೇ ಮುಂದಿಟ್ಟು ರೋಬೋಟ್ ಸೂಚಿಸಿದರೆ, ಈ ಫಲಿತಾಂಶವನ್ನು ಪ್ರಸ್ತಾಪಿಸಿ ವಿವರಣೆ ಕೇಳಿ.

ಹೆರಿಗೆಯ ಯೋಜನೆಯನ್ನೂ ಆಗಲೇ ಬರೆಸಿಕೊಳ್ಳಿ. ಕೀಮೋಥೆರಪಿಯ ಕೊನೆಯ ಸುತ್ತಿಗೂ ಹೆರಿಗೆಗೂ ಸುಮಾರು ಮೂರು ವಾರಗಳ ಅಂತರವಿರಬೇಕು. ಗಡ್ಡೆ ಉಳಿದಿದ್ದರೆ ಸಿಸೇರಿಯನ್ನೇ ದಾರಿ, ಏಕೆಂದರೆ ಸಹಜ ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾಗಬಹುದು, ಯೋನಿಯ ಗಾಯದಲ್ಲಿ ಕ್ಯಾನ್ಸರ್ ಕೋಶಗಳು ನೆಲೆಯೂರಲೂಬಹುದು. ಗರ್ಭಕೋಶದ ಕೆಳಭಾಗವನ್ನು ತಪ್ಪಿಸಿ ಮೇಲ್ಭಾಗದಲ್ಲಿ ಕೊಯ್ಯುವಂತೆ, ಮಾಸನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸುವಂತೆ ಮೊದಲೇ ತಿಳಿಸಿಡಿ.