ತಾರಸಿಯಲ್ಲೊಂದು ತಗಡಿನ ಹಾರ್ನ್: ಮನೆಯಲ್ಲೇ ಹೈಡ್ರೋಜನ್ ರೇಖೆ ಹಿಡಿಯುವುದು ಹೇಗೆ

ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ರೇಡಿಯೊ ಖಗೋಳ ಎಲ್ಲೋ ದೂರದ ವಿಷಯವಲ್ಲ. ಗೌರಿಬಿದನೂರಿನ ವೀಕ್ಷಣಾಲಯ 1976ರಿಂದ ಕೆಲಸ ಮಾಡುತ್ತಿದೆ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡಲು ಅಲ್ಲಿ 1,000 ಡೈಪೋಲ್‌ಗಳನ್ನು (ನೇರ ತಂತಿಯ ಸರಳ ಆಂಟೆನಾ) ಇಂಗ್ಲಿಷಿನ ‘ಟಿ’ ಆಕಾರದಲ್ಲಿ ನಿಲ್ಲಿಸಿದ್ದರು. ಅದನ್ನು ನೋಡಿ ಬಂದವರಿಗೆ ಅಂಥದ್ದೇ ಒಂದು ಪುಟ್ಟದನ್ನು ಮನೆಯಲ್ಲಿ ಕಟ್ಟುವ ಆಸೆಯಾಗುತ್ತದೆ. ಮೊದಲ ಪ್ರಯತ್ನಕ್ಕೆ ಅದು ಬೇಡ. ಆ ಆವರ್ತನದಲ್ಲಿ ತರಂಗಾಂತರವೇ 8.7 ಮೀಟರ್, ಒಂದು ಡೈಪೋಲ್‌ಗೇ ನಾಲ್ಕು ಮೀಟರ್‌ಗಿಂತ ಹೆಚ್ಚು ಜಾಗ ಬೇಕು. ಮೇಲಾಗಿ ಎಲ್‌ಇಡಿ ಬಲ್ಬು, ಯುಪಿಎಸ್, ಬೋರ್‌ವೆಲ್ ಸ್ಟಾರ್ಟರ್ ಎಲ್ಲದರ ಗದ್ದಲವೂ ಅಲ್ಲೇ ಬಂದು ಬೀಳುತ್ತದೆ.

ತಾರಸಿಗೆ ಹೊಂದುವುದು 21 ಸೆಂ.ಮೀ. ತರಂಗ. ಆಕಾಶಗಂಗೆಯ ತಣ್ಣನೆಯ ಹೈಡ್ರೋಜನ್ ಅನಿಲ 1420.406 ಮೆಗಾಹರ್ಟ್ಸ್‌ನಲ್ಲಿ ತಾನಾಗಿ ಸೂಸುವ ರೇಖೆ, ಅಂದರೆ ಒಂದೇ ಆವರ್ತನದ ಸುತ್ತ ನಿಲ್ಲುವ ರೇಡಿಯೊ ಸಂಕೇತ ಇದು. 1951ರಲ್ಲಿ ಹಾರ್ವರ್ಡ್‌ನಲ್ಲಿ ಯೂಯೆನ್ ಮತ್ತು ಪರ್ಸೆಲ್ ಇದನ್ನು ಮೊದಲು ಹಿಡಿದದ್ದೂ ಕಿಟಕಿಯಾಚೆ ಚಾಚಿದ, ಆಲಿಕೆಯಂತೆ ಬಾಯಿ ಅಗಲಿಸಿದ ಒಂದು ಹಾರ್ನ್ ಆಂಟೆನಾದಿಂದಲೇ. 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂದು ಅಂತಾರಾಷ್ಟ್ರೀಯ ನಿಯಮವಿದೆ. ಹಾಗಾಗಿ ಅಲ್ಲಿ ಏನಾದರೂ ಕಂಡರೆ ಅದು ಒಂದೋ ಆಕಾಶದ್ದು, ಇಲ್ಲವೇ ಹೆಚ್ಚಾಗಿ ನಿಮ್ಮದೇ ಸಲಕರಣೆಯ ಸೋರಿಕೆ. ಎರಡನ್ನೂ ಬೇರ್ಪಡಿಸಲು ಕಲಿಯುವುದೇ ಈ ಹವ್ಯಾಸದ ಮುಕ್ಕಾಲು ಪಾಲು. ಹಾರ್ನ್ ಕಟ್ಟುವುದು ಒಂದು ವಾರಾಂತ್ಯದ ಕೆಲಸ.

ಹಾರ್ನ್

ಮೊದಲು ಪೆಟ್ಟಿಗೆ. 26 ಗೇಜ್ ಜಿಐ ಶೀಟಿನಲ್ಲಿ ಒಳ ಅಳತೆ 17 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ, 20 ಸೆಂ.ಮೀ. ಉದ್ದ ಬರುವಂತೆ, ಒಂದು ತುದಿ ಮುಚ್ಚಿ, ತಗಡಿನ ಕೆಲಸದವರಿಂದ ಮಾಡಿಸಿ. ಮನೆಯಲ್ಲಿ ಖಾಲಿ ಬಿದ್ದಿರುವ 15 ಕೆ.ಜಿ. ಎಣ್ಣೆ ಡಬ್ಬವೇ ಸಾಕಲ್ಲವೇ ಎಂದರೆ ಸಾಲದು, ಅದು ದೊಡ್ಡದಾಯಿತು. ಪಕ್ಕ 21 ಸೆಂ.ಮೀ. ದಾಟಿದರೆ ಒಳಗೆ ತರಂಗ ಒಂದೇ ಬಗೆಯಲ್ಲಿ ಹರಿಯದೆ ಹಲವು ಬಗೆಯಲ್ಲಿ ಹರಡಿ, ಒಳಗೆ ತರಂಗ ಹಿಡಿಯುವ ತಂತಿಗೆ (ಪ್ರೋಬ್) ಸಿಗಬೇಕಾದ ಶಕ್ತಿ ಚದುರಿಹೋಗುತ್ತದೆ. 17 × 10ರಲ್ಲಿ ಒಂದೇ ಬಗೆ ಹರಿಯುತ್ತದೆ.

17 ಸೆಂ.ಮೀ. ಅಗಲದ ಮುಖದ ನಟ್ಟನಡುವೆ, ಮುಚ್ಚಿದ ತುದಿಯಿಂದ 6.7 ಸೆಂ.ಮೀ. ದೂರದಲ್ಲಿ ತೂತು ಕೊರೆದು ಎಸ್‌ಎಂಎ ಪ್ಯಾನೆಲ್ ಕನೆಕ್ಟರ್ (ತಿರುಗಿಸಿ ಸೇರಿಸುವ ಪುಟ್ಟ ಕನೆಕ್ಟರ್) ಕೂರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದು ಸಿಗುತ್ತದೆ. ಅದರ ನಡುಪಿನ್ನಿಗೆ 14 ಗೇಜ್ ತಾಮ್ರದ ತಂತಿಯನ್ನು ಬೆಸುಗೆ ಹಾಕಿ, ಒಳಗೋಡೆಯಿಂದ ಸರಿಯಾಗಿ 5.2 ಸೆಂ.ಮೀ. ಉಳಿಯುವಂತೆ ಕತ್ತರಿಸಿ. ಇದೇ ಪ್ರೋಬ್. ಇದು ನೆಟ್ಟಗೆ, ಚಿಕ್ಕ ಬದಿಗೆ ಸಮಾನಾಂತರವಾಗಿ ನಿಲ್ಲಬೇಕು, ಎದುರು ಗೋಡೆಗೆ ತಾಗಬಾರದು. ಕನೆಕ್ಟರಿನ ಹೊರಭಾಗ ತಗಡಿಗೆ ಚೆನ್ನಾಗಿ ಕಚ್ಚಿಕೊಂಡಿರಬೇಕು; ನಾಲ್ಕು ಸ್ಕ್ರೂ ಬಿಗಿದ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. ಎರಡು ಮಿ.ಮೀ. ತಪ್ಪಿದರೂ ನಷ್ಟ ಕಾಣುವುದು ಈ ಒಂದು ಜಾಗದಲ್ಲಿ ಮಾತ್ರ.

ಇನ್ನು ಅಗಲಿಸುವ ಬಾಯಿ. ದಪ್ಪ ರಟ್ಟು ಅಥವಾ ಸನ್‌ಬೋರ್ಡಿನಲ್ಲಿ ನಾಲ್ಕು ಹಲಗೆ ಕತ್ತರಿಸಿ. ಎರಡರ ಸಮಾನಾಂತರ ಬದಿಗಳು 17 ಮತ್ತು 75 ಸೆಂ.ಮೀ., ಎತ್ತರ 74.3 ಸೆಂ.ಮೀ.; ಇನ್ನೆರಡರವು 10 ಮತ್ತು 60, ಎತ್ತರ 75.8. ನಾಲ್ಕರ ಓರೆ ಅಂಚೂ 79.8 ಸೆಂ.ಮೀ. ಬರಬೇಕು, ಬಾರದಿದ್ದರೆ ಎಲ್ಲೋ ಅಳತೆ ತಪ್ಪಿದೆ. ಒಳಮೈಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಮೂಲೆಗಳಲ್ಲಿ ಮತ್ತು ಪೆಟ್ಟಿಗೆ ಸೇರುವಲ್ಲಿ ಎರಡೂವರೆ ಸೆಂ.ಮೀ. ಒಂದರ ಮೇಲೊಂದು ಬರುವಂತೆ ಮಡಚಿ ಅಲ್ಯೂಮಿನಿಯಂ ಟೇಪ್ ಹಾಕಿ. ಫಾಯಿಲ್ ಸುಕ್ಕಾಯಿತೆಂದು ಕೊರಗಬೇಡಿ, 21 ಸೆಂ.ಮೀ. ತರಂಗಕ್ಕೆ ಕೆಲವು ಮಿ.ಮೀ. ಸುಕ್ಕು ಲೆಕ್ಕಕ್ಕಿಲ್ಲ. ಈ ಹಾರ್ನಿನ ಗೇನ್ (ಒಂದೇ ದಿಕ್ಕಿನ ಸಂಕೇತವನ್ನು ಒಟ್ಟುಗೂಡಿಸುವ ಬಲ) ಸುಮಾರು 18 ಡೆಸಿಬೆಲ್, ನೋಟದ ಅಗಲ ಸುಮಾರು 20 ಡಿಗ್ರಿ.

ಮರದ ರೀಪರ್‌ನ ಚೌಕಟ್ಟಿನಲ್ಲಿ ಬಾಯಿ ಮೇಲೆ ಮಾಡಿ ನೆತ್ತಿಗೆ ನಿಲ್ಲಿಸಿ. ತೆಳು ಪಾಲಿಥೀನ್ ಹಾಳೆ ಹೊದಿಸಿದರೆ ಧೂಳು, ತುಂತುರು ತಡೆಯುತ್ತದೆ, ತರಂಗಕ್ಕೆ ಅಡ್ಡಿಯಿಲ್ಲ. ಅದರ ಮೇಲೆ ನೀರು ಮಾತ್ರ ನಿಲ್ಲಬಾರದು. ಆಷಾಢದ ಗಾಳಿಗೆ ಇದು ಹಾರಿಹೋಗುವಷ್ಟು ಹಗುರ, ನಾಲ್ಕೂ ಕಾಲಿಗೆ ಮರಳಿನ ಚೀಲ ಕಟ್ಟಿ. ಗುಡುಗು ಶುರುವಾದರೆ ಕೇಬಲ್ ಕಿತ್ತು ಒಳಗೆ ಬನ್ನಿ.

ವಿದ್ಯುನ್ಮಾನ ಭಾಗ

ಎರಡೇ ಸಾಮಾನು: 1420 ಮೆಗಾಹರ್ಟ್ಸ್‌ಗೆಂದೇ ಮಾಡಿದ, ಒಳಗೆ ಫಿಲ್ಟರ್ ಇರುವ ಎಲ್‌ಎನ್‌ಎ, ಅಂದರೆ ಕಡಿಮೆ ಗದ್ದಲದ ವರ್ಧಕ (ನೂಎಲೆಕ್‌ನ ಸಾಬರ್ಡ್ ಎಚ್1 ಅಂಥದ್ದು) ಮತ್ತು ಟಿಸಿಎಕ್ಸ್‌ಒ (ಬಿಸಿ-ತಂಪಿಗೆ ಆವರ್ತನ ಸರಿಯದ ಗಡಿಯಾರ), ಬಯಾಸ್-ಟೀ (ಕೇಬಲ್ ಮೂಲಕವೇ ಎಲ್‌ಎನ್‌ಎಗೆ ಕರೆಂಟ್ ಕೊಡುವ ವ್ಯವಸ್ಥೆ) ಎರಡೂ ಇರುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಹಾಕುವ ಪುಟ್ಟ ರೇಡಿಯೊ ರಿಸೀವರ್). ಫಿಲ್ಟರ್ ಇಲ್ಲದ ಎಲ್‌ಎನ್‌ಎ ಹಾಕಿದರೆ 900 ಮತ್ತು 1800 ಮೆಗಾಹರ್ಟ್ಸ್‌ನ ಮೊಬೈಲ್ ಟವರ್‌ಗಳೇ ಅದನ್ನು ತುಂಬಿಬಿಡುತ್ತವೆ. ಟಿಸಿಎಕ್ಸ್‌ಒ ಇಲ್ಲದ ಅಗ್ಗದ ಡಾಂಗಲ್‌ನಲ್ಲಿ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ತಪ್ಪಿದ್ದರೆ ರೇಖೆ 71 ಕಿಲೊಹರ್ಟ್ಸ್ ಸರಿದು ಕಾಣುತ್ತದೆ. ಅನಿಲದ ವೇಗದಲ್ಲಿ ಅದು ಸೆಕೆಂಡಿಗೆ 15 ಕಿ.ಮೀ. ತಪ್ಪು.

ಎಲ್‌ಎನ್‌ಎಯನ್ನು ಹಾರ್ನಿನ ಕನೆಕ್ಟರಿಗೇ ನೇರ ತಿರುಗಿಸಿ, ನಡುವೆ ಕೇಬಲ್ ಬೇಡ. ಅದಕ್ಕೆ ಮುಂಚೆ ಒಂದು ಡೆಸಿಬೆಲ್ ಹೋದರೂ ಸುಮಾರು 75 ಕೆಲ್ವಿನ್ ಗದ್ದಲ ಸೇರಿದಂತೆ (ಗದ್ದಲವನ್ನು ತಾಪಮಾನದ ಲೆಕ್ಕದಲ್ಲಿ ಅಳೆಯುತ್ತಾರೆ). ಅದರ ಆಚೆಗೆ ಯಾವ ಚಿಂತೆಯೂ ಇಲ್ಲ: ಡಿಟಿಎಚ್‌ಗೆ ಬಳಸುವ ಆರ್‌ಜಿ-6 ಕೇಬಲ್ ಹತ್ತು ಮೀಟರ್ ಎಳೆದರೂ ನಡೆಯುತ್ತದೆ. ಬಯಾಸ್-ಟೀ ಆನ್ ಮಾಡಲು ಮರೆಯುವವರೇ ಹೆಚ್ಚು. ಕೇಬಲ್‌ನ ಎಲ್‌ಎನ್‌ಎ ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ 4.5 ವೋಲ್ಟ್ ಆಸುಪಾಸು ತೋರಿಸಬೇಕು.

ಆಕಾಶಕ್ಕೆ ಮುಂಚೆ ಗೋಡೆ

ರೇಖೆ ಹುಡುಕುವ ಮೊದಲು ಈ ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಡಾಂಗಲ್ ಓದುವ ಎಸ್‌ಡಿಆರ್‌ಶಾರ್ಪ್ ತಂತ್ರಾಂಶ ತೆರೆದು ಆಟೊಮ್ಯಾಟಿಕ್ ಗೇನ್ (ಡಾಂಗಲ್ ತಾನಾಗಿ ಸಂಕೇತ ಹಿಗ್ಗಿಸುವುದು) ಆಫ್ ಮಾಡಿ, ಗೇನ್ ಒಂದು ಕಡೆ ನಿಲ್ಲಿಸಿ. ಹಾರ್ನ್ ನೆತ್ತಿ ನೋಡುತ್ತಿರುವಾಗ ಗದ್ದಲದ ತಳಮಟ್ಟ ಬರೆದುಕೊಳ್ಳಿ. ಈಗ ಬಾಯಿಯನ್ನು ಗೋಡೆಗೋ ನೆಲಕ್ಕೋ ತಿರುಗಿಸಿ. ಗೋಡೆ 300 ಕೆಲ್ವಿನ್ ಹತ್ತಿರದ ಬಿಸಿ ವಸ್ತು, ಆಕಾಶ ಹೆಚ್ಚುಕಡಿಮೆ ತಣ್ಣಗಿದೆ. ಹಾಗಾಗಿ ತಳಮಟ್ಟ ಕನಿಷ್ಠ 3 ಡೆಸಿಬೆಲ್ ಏರಬೇಕು, ಕೆಲಸ ಅಚ್ಚುಕಟ್ಟಾಗಿದ್ದರೆ 5 ದಾಟುತ್ತದೆ. ಒಂದೂ ಏರದಿದ್ದರೆ ಪ್ರೋಬ್ ಬಿಟ್ಟಿದೆ, ಎಲ್‌ಎನ್‌ಎಗೆ ಕರೆಂಟ್ ಹೋಗುತ್ತಿಲ್ಲ, ಅಥವಾ ಅದನ್ನು ಹಿಂದುಮುಂದು ಹಾಕಿದ್ದೀರಿ. ಗೇನ್ ಒಂದು ಮೆಟ್ಟಿಲು ಏರಿಸಿದಾಗ ತಳಮಟ್ಟವೂ ಅಷ್ಟೇ ಏರಬೇಕು. ಏರದೆ ನಿಂತರೆ ಡಾಂಗಲ್ ತುಂಬಿಹೋಗಿದೆ, ಇಳಿಸಿ. ಇದರಲ್ಲಿ ಪಾಸಾಗದ ಹಾರ್ನನ್ನು ರಾತ್ರಿಯಿಡೀ ಇಟ್ಟರೂ ಪ್ರಯೋಜನವಿಲ್ಲ.

ನೆತ್ತಿಗೆ ಯಾವಾಗ ಬರುತ್ತದೆ

ಗೌರಿಬಿದನೂರಿನ ಸುತ್ತ ನಮ್ಮ ಅಕ್ಷಾಂಶ 13.6 ಡಿಗ್ರಿ ಉತ್ತರ. ಹಾರ್ನ್ ಅಲುಗಿಸದೆ ನೆತ್ತಿಗೆ ಇಟ್ಟರೂ ದಿನಕ್ಕೆ ಎರಡು ಸಲ ಆಕಾಶಗಂಗೆ ಅದರ ಎದುರು ಹಾದುಹೋಗುತ್ತದೆ: ಶ್ರವಣ ನಕ್ಷತ್ರ ನೆತ್ತಿಯ ಬಳಿ ಬರುವ ಅರ್ಧ ಗಂಟೆ ಮುಂಚೆ ಒಮ್ಮೆ, ಆರ್ದ್ರಾ ದಾಟಿದ ಅರ್ಧ ಗಂಟೆಗೆ ಇನ್ನೊಮ್ಮೆ. ಮೊದಲನೆಯದು ಜುಲೈ ಮಧ್ಯದಲ್ಲಿ ನಡುರಾತ್ರಿ ದಾಟಿದ ಮೇಲೆ, ಆಗಸ್ಟ್ ಮಧ್ಯದಲ್ಲಿ ರಾತ್ರಿ ಹತ್ತೂಕಾಲರ ಸುಮಾರಿಗೆ. ಎರಡನೆಯದು ಡಿಸೆಂಬರ್ ಕೊನೆಯಲ್ಲಿ ನಡುರಾತ್ರಿ. ಮೋಡ ಕವಿದಿದ್ದರೂ ಹಗಲಾದರೂ ಅಡ್ಡಿಯಿಲ್ಲ; ಮಳೆಗಾಲದಲ್ಲಿ ದೂರದರ್ಶಕದವರು ಕೈಕಟ್ಟಿ ಕೂತಾಗ ಈ ಕೆಲಸ ನಡೆಯುತ್ತದೆ.

ಸ್ಯಾಂಪಲ್ ದರ 2.4 ಮೆಗಾ, ನಡು ಆವರ್ತನ 1420.8 ಮೆಗಾಹರ್ಟ್ಸ್ ಇಡಿ. ರೇಖೆಯನ್ನೇ ನಟ್ಟನಡುವೆ ಇಡಬಾರದು, ಡಾಂಗಲ್‌ನದೇ ಒಂದು ಚೂಪಾದ ಸುಳ್ಳು ಸಂಕೇತ ಅಲ್ಲಿ ಏಳಬಹುದು. ಅದೇ ತಂತ್ರಾಂಶದ ಐಎಫ್ ಆವರೇಜ್ ಪ್ಲಗಿನ್‌ನಲ್ಲಿ 1024 ಬಿನ್ (ಆವರ್ತನದ ತುಂಡು), ಐದು ನಿಮಿಷದ ಸರಾಸರಿ ತೆಗೆದುಕೊಳ್ಳಿ. ಮೊದಲು ಕಾಣುವುದು ಫಿಲ್ಟರಿನದೇ ಏರಿಳಿತ. ಆಕಾಶಗಂಗೆ ನೆತ್ತಿಯಲ್ಲಿಲ್ಲದ ಹೊತ್ತಿನಲ್ಲಿ ಅದೇ ಗೇನ್‌ನಲ್ಲಿ ತೆಗೆದ ಇನ್ನೊಂದು ಸರಾಸರಿಯಿಂದ ಈ ಸರಾಸರಿಯನ್ನು ಭಾಗಿಸಿದರೆ ತಳ ಸಮತಟ್ಟಾಗಿ, ಹೈಡ್ರೋಜನ್ ಉಬ್ಬಾಗಿ ನಿಲ್ಲುತ್ತದೆ.

ಆ ಉಬ್ಬು ನಿಜವಾದದ್ದೇ? ಎಲ್‌ಎನ್‌ಎಗೆ ಹಾರ್ನಿನ ಬದಲು 50 ಓಮ್ ಟರ್ಮಿನೇಟರ್ (ಮುಚ್ಚಳದಂಥ ಪುಟ್ಟ ರೋಧಕ) ಹಾಕಿ. ಆಗಲೂ ಇದ್ದರೆ ಅದು ಒಳಗಿನದು. ಸೂಜಿಯಂತೆ ಚೂಪಾಗಿದ್ದರೆ ಲ್ಯಾಪ್‌ಟಾಪ್ ಅಥವಾ ಯುಎಸ್‌ಬಿ 3 ಪೋರ್ಟಿನ ಸೋರಿಕೆ. ಲ್ಯಾಪ್‌ಟಾಪ್ ಮೆಟ್ಟಿಲ ಕೆಳಗಿಡಿ, ಡಾಂಗಲ್ ಯುಎಸ್‌ಬಿ 2ಕ್ಕೆ ಹಾಕಿ. ಆಕಾಶದ್ದು ಹತ್ತಾರು ಕಿಲೊಹರ್ಟ್ಸ್‌ನಿಂದ ನೂರಾರು ಕಿಲೊಹರ್ಟ್ಸ್‌ವರೆಗೆ ಹರಡಿರುತ್ತದೆ, ಒಂದೆರಡು ಗಂಟೆಯಲ್ಲಿ ಏರಿ ಇಳಿಯುತ್ತದೆ, ಮತ್ತು ದಿನಾ ನಾಲ್ಕು ನಿಮಿಷ ಬೇಗ ಬರುತ್ತದೆ. ವಾರ ಬಿಟ್ಟು ನೋಡಿದಾಗ ಸುಮಾರು ಅರ್ಧ ಗಂಟೆ ಮುಂಚೆ ಬಂದರೆ ಅನುಮಾನವೇ ಬೇಡ: ಮನೆಯ ಯಾವ ಉಪಕರಣವೂ ನಕ್ಷತ್ರದ ಗಡಿಯಾರ ಪಾಲಿಸುವುದಿಲ್ಲ.

ವೇಗ ತೆಗೆಯಲು 1420.406ರಿಂದ ಉಬ್ಬಿನ ತುದಿಯ ಆವರ್ತನ ಕಳೆದು 211ರಿಂದ ಗುಣಿಸಿ. ತುದಿ 1420.20ರಲ್ಲಿದ್ದರೆ ಅನಿಲ ಸೆಕೆಂಡಿಗೆ ಸುಮಾರು 43 ಕಿ.ಮೀ. ವೇಗದಲ್ಲಿ ನಮ್ಮಿಂದ ದೂರ ಸರಿಯುತ್ತಿದೆ. ಶ್ರವಣದ ಕಡೆಯ ಉಬ್ಬು ಅಗಲ, ಅಲ್ಲಿ ಬೇರೆ ಬೇರೆ ವೇಗದ ಅನಿಲ ಒಂದೇ ನೋಟದಲ್ಲಿ ಸಾಲುಗಟ್ಟಿದೆ. ಆರ್ದ್ರಾ ಕಡೆಯದು ಕಿರಿದು. ಭೂಮಿಯ ಓಟವೂ ಸೇರಿಕೊಂಡು ವರ್ಷದಲ್ಲಿ ರೇಖೆ ಅತ್ತಿತ್ತ 140 ಕಿಲೊಹರ್ಟ್ಸ್‌ವರೆಗೆ ಸರಿಯಬಹುದು, ಆದ್ದರಿಂದ ಪ್ರತಿ ದಾಖಲೆಗೂ ತಾರೀಖು, ಗಂಟೆ, ಗೇನ್ ಬರೆದಿಡಿ. ಇದಾದ ಮೇಲೆ ಹಾರ್ನನ್ನು ದಕ್ಷಿಣಕ್ಕೆ 43 ಡಿಗ್ರಿ ವಾಲಿಸಿ. ಆಕಾಶಗಂಗೆಯ ಕೇಂದ್ರ ನಮ್ಮಲ್ಲಿ ದಿಗಂತದಿಂದ 47 ಡಿಗ್ರಿ ಮೇಲೇರುತ್ತದೆ. ಲಂಡನ್ನಿನವರಿಗೆ ಅದು ಹತ್ತು ಡಿಗ್ರಿಯೂ ಏರುವುದಿಲ್ಲ.