ಪಕ್ಕೆಲುಬಿನ ಕೆಳಗೆ ನೋವು ಅಂತ ಬಂದವರನ್ನು ನಾನು ನೋಡುವ ಬಗೆ

ತಿಪಟೂರು ಸೀಮೆಯಲ್ಲಿ, ತೆಂಗಿನ ತೋಟಗಳ ನಡುವೆ ನನ್ನ ಕ್ಲಿನಿಕ್. ಇಲ್ಲಿ ಪಕ್ಕೆಲುಬಿನ ಕೆಳಗೆ ಯಾವ ನೋವು ಬಂದರೂ ಅದಕ್ಕೆ ಒಂದೇ ಹೆಸರು, ಗ್ಯಾಸ್ಟ್ರಿಕ್. "ಡಾಕ್ಟ್ರೇ, ಗ್ಯಾಸ್ಟ್ರಿಕ್ ಆಗಿದೆ, ಒಂದು ಇಂಜೆಕ್ಷನ್ ಹಾಕ್ಬಿಡಿ" ಅಂತ ಹೇಳಿಕೊಂಡೇ ಒಳಗೆ ಬರುತ್ತಾರೆ. ಅಷ್ಟರಲ್ಲಿ ಮೆಡಿಕಲ್ ಸ್ಟೋರಿನ ಗ್ಯಾಸ್ ಮಾತ್ರೆ, ಸೋಡಾ, ಜೀರಿಗೆ ಕಷಾಯ ಎಲ್ಲಾ ಮುಗಿದಿರುತ್ತದೆ. ಆದರೆ ಆ ಜಾಗದಲ್ಲಿ ಇರುವುದು ಜಠರ ಒಂದೇ ಅಲ್ಲ. ಬಲಕ್ಕೆ ಲಿವರ್ ಮತ್ತು ಪಿತ್ತಕೋಶ, ಎಡಕ್ಕೆ ಗುಲ್ಮ (ಸ್ಪ್ಲೀನ್), ಹಿಂದೆ ಕಿಡ್ನಿ ಮತ್ತು ಮೇದೋಜೀರಕ (ಪ್ಯಾಂಕ್ರಿಯಾಸ್), ಮೇಲ್ಗಡೆ ಶ್ವಾಸಕೋಶ, ಹೃದಯ. ಇವೆಲ್ಲದರ ಸುತ್ತ ಎಲುಬು, ಸ್ನಾಯು, ನರ. ಹಾಗಾಗಿ ನಾನು ಮಾತ್ರೆ ಬರೆಯುವ ಮೊದಲು ಕೇಳುವುದು ಒಂದೇ: "ಎಲ್ಲಿ ನೋವು, ಒಂದು ಬೆರಳಲ್ಲಿ ತೋರಿಸಿ."

ಕೆಲವರು ಸರಿಯಾಗಿ ಒಂದೇ ಬಿಂದುವಿಗೆ ಬೆರಳಿಡುತ್ತಾರೆ. ಅಲ್ಲಿ ನಾನು ಒತ್ತಿದರೆ "ಅದೇ, ಅದೇ ನೋವು" ಅನ್ನುತ್ತಾರೆ. ಕೆಮ್ಮಿದರೆ, ಮಗ್ಗುಲು ಬದಲಿಸಿದರೆ ಜಾಸ್ತಿ ಆಗುತ್ತದೆ. ಆಗ ಅವರನ್ನು ಮಲಗಿಸಿ, ನೋವಿನ ಜಾಗ ಒತ್ತಿ ಹಿಡಿದು, ತಲೆ ಎತ್ತಲು ಹೇಳುತ್ತೇನೆ. ಹೊಟ್ಟೆಯ ಸ್ನಾಯು ಬಿಗಿಯಾದಾಗ ನೋವು ಹೆಚ್ಚಿದರೆ ಅದು ಬಹುತೇಕ ಹೊರಗೋಡೆಯದು, ಒಳಗಿನ ಅಂಗದ್ದಲ್ಲ. ದಿನವಿಡೀ ನೆಟ್ಟ ಹಾರೆಗೆ ಕಾಯಿ ಚುಚ್ಚಿ, ಮೈ ತಿರುಚಿ ತಿರುಚಿ ಸುಲಿಯುವವರಲ್ಲಿ ಇದನ್ನು ನಾನು ತುಂಬಾ ನೋಡುತ್ತೇನೆ. ಆ ಕೆಲಸಕ್ಕೆ ಸ್ವಲ್ಪ ರಜೆ, ಬಿಸಿನೀರಿನ ಶಾಖ, ಪ್ಯಾರಾಸಿಟಮಾಲ್, ಇಷ್ಟರಲ್ಲೇ ಹೆಚ್ಚಿನವರಿಗೆ ಗುಣವಾಗುತ್ತದೆ. ಎಲುಬಿನ ತುದಿಯ ಮೃದ್ವಸ್ಥಿ, ಅಂದರೆ ಮೆತ್ತನೆಯ ಮೂಳೆ, ಊದಿಕೊಂಡಿದ್ದರೆ ಕೆಲವು ವಾರ ಹಿಡಿಯುತ್ತದೆ. 8, 9, 10ನೇ ಪಕ್ಕೆಲುಬುಗಳು ಎದೆಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಅವುಗಳ ತುದಿ ಸಡಿಲವಾಗಿ, ಬಗ್ಗಿದಾಗೆಲ್ಲ ಸರಿದು ನರಕ್ಕೆ ತಾಗುವುದೂ ಉಂಟು. ಅಂಥವರು ಸ್ಕ್ಯಾನಿಂಗ್ ಎಲ್ಲಾ ನಾರ್ಮಲ್ ಇದೆ ಅಂತ ರಿಪೋರ್ಟು ಹಿಡಿದುಕೊಂಡು ಊರೂರು ಸುತ್ತಿರುತ್ತಾರೆ, ಪಾಪ.

ಮರದಿಂದ ಬಿದ್ದವರ ವಿಷಯ ಮಾತ್ರ ಬೇರೆ. ಎಡಪಕ್ಕೆಯ ಮೇಲೆ ಬಿದ್ದು, ಆಮೇಲೆ ಎದ್ದು ಓಡಾಡಿಕೊಂಡಿದ್ದರೂ ನಾನು ಸ್ಕ್ಯಾನ್ ಮಾಡಿಸದೆ ಬಿಡುವುದಿಲ್ಲ. ಒಳಗೆ ಗುಲ್ಮ ಒಡೆದು ನಿಧಾನಕ್ಕೆ ರಕ್ತ ಸೋರುತ್ತಿರಬಹುದು. ಹಾಗೆ ಬಿದ್ದವರಿಗೆ ಭುಜಕ್ಕೆ ಪೆಟ್ಟಾಗದಿದ್ದರೂ ಎಡ ಭುಜ ನೋಯುತ್ತಿದ್ದರೆ, ತಲೆ ಸುತ್ತಿದರೆ, ಬೆವರಿದರೆ ಸೀದಾ 108ಕ್ಕೆ ಫೋನ್.

ಇನ್ನು ಕೆಲವರು ಬೆರಳಿಡುವುದಿಲ್ಲ, ಇಡೀ ಅಂಗೈ ಸವರಿ ತೋರಿಸುತ್ತಾರೆ. ಇಲ್ಲಿ ನನ್ನ ಕಿವಿ ನೆಟ್ಟಗಾಗುತ್ತದೆ. ಎದೆಮೂಳೆಯ ಕೆಳಗೆ ಹಿಂಡಿದ ಹಾಗೆ, ಜೊತೆಗೆ ಬೆವರು, ಸುಸ್ತು, ವಾಂತಿ ಬಂದಂತೆ, ವಯಸ್ಸು ನಲವತ್ತು ದಾಟಿದೆ, ಶುಗರ್ ಇದೆ ಅಥವಾ ಬೀಡಿ ಸೇದುತ್ತಾರೆ ಅಂದರೆ ಮೊದಲು ಇಸಿಜಿ, ಆಮೇಲೆ ಮಾತು. ಹೃದಯದ ಕೆಳಭಾಗದ ಅಟ್ಯಾಕ್ ಹೊಟ್ಟೆನೋವಿನ ವೇಷದಲ್ಲೇ ಬರಬಹುದು. ಶುಗರ್ ಇರುವವರಿಗೆ ಎದೆ ನೋಯದೆಯೂ ಆಗಬಹುದು. ಮೊದಲ ಇಸಿಜಿ ಸರಿಯಿದೆ ಅಂತ ಮನೆಗೆ ಕಳಿಸುವುದೂ ಇಲ್ಲ, ಅನುಮಾನ ಇದ್ದರೆ ಮತ್ತೆ ತೆಗೆಯುತ್ತೇನೆ, ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡಿಸುತ್ತೇನೆ. ತೇಗು ಬಂದು ಹಗುರಾಯಿತು ಅಂದಮಾತ್ರಕ್ಕೆ ಅದು ಗ್ಯಾಸ್ ಅಂತ ತೀರ್ಮಾನ ಮಾಡಬೇಡಿ.

ಬಲಪಕ್ಕೆಯ ಕೆಳಗಿನ ನೋವಿಗೆ ನನ್ನ ಪ್ರಶ್ನೆ, "ಯಾವಾಗ ಶುರುವಾಯ್ತು, ಹಿಂದಿನ ಊಟ ಏನು?" ಮದುವೆ ಊಟವೋ ಬಾಡೂಟವೋ ಆಗಿ, ರಾತ್ರಿ ಎಚ್ಚರವಾಗುವಂಥ ನೋವು, ಬಲ ಬೆನ್ನಿನ ರೆಕ್ಕೆಮೂಳೆಯವರೆಗೆ ಹೋಗಿ, ಒಂದೆರಡು ಗಂಟೆ ಬಿಡದೆ ಹಿಂಡಿ, ತಾನಾಗೇ ಇಳಿದುಹೋಯಿತು ಅಂದರೆ ಪಿತ್ತಕೋಶದ ಕಲ್ಲನ್ನೇ ನಾನು ಮೊದಲು ನೆನೆಯುವುದು. ಪಕ್ಕೆಯ ಕೆಳಗೆ ಕೈಯಿಟ್ಟು ಉಸಿರು ಎಳೆಯಿರಿ ಅನ್ನುತ್ತೇನೆ. ಅರ್ಧಕ್ಕೇ ಉಸಿರು ನಿಂತರೆ ಪಿತ್ತಕೋಶ ಊದಿರುವ ಸಾಧ್ಯತೆ ಜಾಸ್ತಿ. ಸ್ಕ್ಯಾನಿಂಗಿಗೆ 6ರಿಂದ 8 ಗಂಟೆ ಏನೂ ತಿನ್ನದೆ ಹೋಗಬೇಕು. ತಿಂದರೆ ಪಿತ್ತಕೋಶ ಕುಗ್ಗಿ ಕಲ್ಲು ಸರಿಯಾಗಿ ಕಾಣುವುದಿಲ್ಲ.

ಕಲ್ಲು ಇದೆ ಅಂದ ತಕ್ಷಣ ಎಲ್ಲರಿಗೂ ಆಪರೇಷನ್ ಬೇಡ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸುಮ್ನೆ ಸಿಕ್ಕಿದ ಕಲ್ಲು, ನೋವೇ ಇಲ್ಲ ಅಂದರೆ ಸಾಮಾನ್ಯವಾಗಿ ಹಾಗೇ ಬಿಡುತ್ತೇವೆ. ನೋವು ಮರುಕಳಿಸುತ್ತಿದ್ದರೆ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶವನ್ನೇ ತೆಗೆಸುವುದು ಒಳ್ಳೆಯದು. "ಬಾಳೆದಿಂಡಿನ ರಸ ಕುಡಿದರೆ ಕರಗಲ್ವಾ ಡಾಕ್ಟ್ರೇ?" ಅಂತ ಕೇಳದವರೇ ಕಡಿಮೆ. ಪಿತ್ತಕೋಶದ ಕಲ್ಲು ಬಾಳೆದಿಂಡಿಗೆ ಕರಗುವುದಿಲ್ಲ, ಕಿಡ್ನಿ ಕಲ್ಲಿನ ಥರ ಮೂತ್ರದಲ್ಲಿ ಹೊರಗೂ ಹೋಗುವುದಿಲ್ಲ. ಅದು ಜಾರಿ ನಾಳಕ್ಕೆ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಮೇದೋಜೀರಕ ಊದಿಕೊಳ್ಳಬಹುದು. ಚಳಿಜ್ವರ, ಕಣ್ಣು ಹಳದಿ, ಬೆನ್ನಿಗೆ ಇರಿಯುವ ನೋವು, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆ.

ಜಠರದ ಹುಣ್ಣಿನ (ಅಲ್ಸರ್) ವಿಷಯಕ್ಕೆ ಬಂದರೆ, ಮೊಣಕಾಲು ನೋವಿಗೆ ಅಂತ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದವರಲ್ಲಿ ನಾನು ಅದನ್ನೇ ಮೊದಲು ಹುಡುಕುತ್ತೇನೆ. ಆ ಮಾತ್ರೆ ನಿಲ್ಲಿಸಬೇಕು. ಎಚ್ ಪೈಲೋರಿ ಬ್ಯಾಕ್ಟೀರಿಯಾ ಸಿಕ್ಕರೆ ಸಾಮಾನ್ಯವಾಗಿ 14 ದಿನ ಆ್ಯಂಟಿಬಯೋಟಿಕ್ ಕೋರ್ಸ್ ಪೂರ್ತಿ ಮಾಡಬೇಕು. ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ ತಡ ಮಾಡಬಾರದು.

ಮತ್ತೊಂದು ನೋವು ನಮ್ಮನ್ನೂ ಅಡ್ಡದಾರಿಗೆ ಎಳೆಯುತ್ತದೆ. ಒಂದೇ ಪಕ್ಕೆಯಲ್ಲಿ, ಬೆನ್ನಿನಿಂದ ಮುಂದಕ್ಕೆ ಪಟ್ಟಿಯಂತೆ ಉರಿ, ಬಟ್ಟೆ ತಾಗಿದರೂ ಸಹಿಸಲಾಗದು, ಆದರೆ ಚರ್ಮದ ಮೇಲೆ ಏನೂ ಇಲ್ಲ. ಎರಡು ಮೂರು ದಿನ ಬಿಟ್ಟು ನೀರುಗುಳ್ಳೆ ಏಳುತ್ತದೆ. ಇದು ಸರ್ಪಸುತ್ತು. ನಮ್ಮ ಕಡೆ ಕೆಮ್ಮಣ್ಣು ಹಚ್ಚಿಸಿಕೊಂಡು ಕಾಯುತ್ತಾರೆ, ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಅಂತ ಹೆದರುತ್ತಾರೆ. ಅದು ಹಾವಲ್ಲ, ಹಿಂದೆಂದೋ ಬಂದ ಸೀತಾಳೆ ಸಿಡುಬಿನ ವೈರಸ್ಸು ನರದಲ್ಲಿ ಅಡಗಿದ್ದು ಮತ್ತೆ ಎದ್ದಿರುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಎಸೈಕ್ಲೋವಿರ್ ಥರದ ಮಾತ್ರೆ ಶುರು ಮಾಡಿದರೆ ಫಲ ಚೆನ್ನಾಗಿರುತ್ತದೆ. ಅದಕ್ಕೇ ಇಂಥ ನೋವಿನವರಿಗೆ ನಾನು ಹೇಳಿ ಕಳಿಸುವುದು: ದಿನಾ ಬೆಳಿಗ್ಗೆ ಮನೆಯವರ ಹತ್ತಿರ ಬೆನ್ನು, ಪಕ್ಕೆ ನೋಡಿಸಿಕೊಳ್ಳಿ, ಒಂದೇ ಒಂದು ಗುಳ್ಳೆ ಕಂಡರೂ ಅವತ್ತೇ ಬನ್ನಿ.