ಮೊದಲು ತಪ್ಪು ಹಿಡಿಯಲು ಕಲಿಸಿ: ಊರಿನ ಯುವಕರಿಗೆ ಆರು ವಾರದ ತರಬೇತಿ

ಊರ ಶಾಲೆಯ ಮಕ್ಕಳು ಓದಿನಲ್ಲಿ, ಲೆಕ್ಕದಲ್ಲಿ ಎಲ್ಲಿ ತಪ್ಪುತ್ತಾರೆಂದು ಹಿಡಿದು ಅದಕ್ಕೆ ಕಲಿಸುವ ಉಪಾಯ ಹುಡುಕುವ ತರಬೇತಿ ಇದು. ಪಿಯುಸಿಯೋ ಡಿಗ್ರಿಯೋ ಮುಗಿಸಿ ಊರಲ್ಲೇ ಇರುವ ಆರು ಹುಡುಗ ಹುಡುಗಿಯರು ಸಾಕು. ಹನ್ನೆರಡು ಜನರಾದರೆ ಅರ್ಧ ಮಂದಿ ನೋಡುತ್ತ ಕೂರುತ್ತಾರೆ. ಅಂಕಪಟ್ಟಿ ನೋಡಿ ಆರಿಸಬೇಡಿ. ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡ್ ಬಾಯಿ ಮುಚ್ಚಿ ಕಾಯಬಲ್ಲರೇ ನೋಡಿ. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಪೋಷಕರು ಮೂವರ ಒಪ್ಪಿಗೆಯೂ ಬೇಕು.

ಮೊದಲ ಎರಡು ವಾರ ಯಾರೂ ಯಾವ ಕಲಿಕಾ ಸಾಮಗ್ರಿಯನ್ನೂ ತಯಾರಿಸಕೂಡದು. ತರಬೇತಿಗಳು ಎಡವುವುದು ಇಲ್ಲೇ. ಮೊದಲ ದಿನವೇ ಥರ್ಮೋಕೋಲ್ ಬರುತ್ತದೆ, ಚೆಂದದ ಚಾರ್ಟ್ ಗೋಡೆ ಏರುತ್ತದೆ, ಮಗುವಿನ ಲೆಕ್ಕ ಮಾತ್ರ ಇದ್ದಲ್ಲೇ ಇರುತ್ತದೆ.

ಬದಲಿಗೆ ಮೂರರಿಂದ ಐದನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಓದಿಸಲಿ. ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ ಕೊಡಿ. ಓದಿದರೆ ಎರಡನೇ ತರಗತಿಯ ಕಥೆ. ತಡವರಿಸಿದರೆ ಪದ, ಅದೂ ಬಾರದಿದ್ದರೆ ಅಕ್ಷರ. ಪ್ರಥಮ್ ಸಂಸ್ಥೆ 2005ರಲ್ಲಿ ಶುರುಮಾಡಿದ, ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಕ್ರಮವೂ ಇದೇ. ಇಬ್ಬರ ಜೋಡಿಯಲ್ಲಿ ಒಬ್ಬರು ಕೇಳಲಿ, ಇನ್ನೊಬ್ಬರು ಮಗು ಅಂದದ್ದನ್ನು ಅಂದಹಾಗೇ ಬರೆಯಲಿ. ಸರಿ, ತಪ್ಪು ಎಂಬ ಗುರುತು ಯಾವ ಕೆಲಸಕ್ಕೂ ಬಾರದು. ‘ಅಕ್ಕ’ ಓದುವ ಮಗು ‘ಹಸ್ತ’ದಲ್ಲಿ ನಿಂತರೆ ತೊಡಕಿರುವುದು ವಿಜಾತೀಯ ಒತ್ತಕ್ಷರದಲ್ಲಿ, ಅಂದರೆ ಒಂದು ವ್ಯಂಜನಕ್ಕೆ ಬೇರೆ ವ್ಯಂಜನದ ಒತ್ತು ಬರುವಲ್ಲಿ; ಕಾಗುಣಿತವನ್ನೆಲ್ಲ ಮತ್ತೆ ತಿದ್ದಿಸಿ ಫಲವಿಲ್ಲ.

ಲೆಕ್ಕದಲ್ಲೂ ಹಾಗೆಯೇ. 42ರಲ್ಲಿ 17 ಕಳೆದು ಒಬ್ಬಳು 35 ಬರೆದಳು ಅನ್ನಿ. ಬಿಡಿಯಲ್ಲಿ 2ರಿಂದ 7 ಹೋಗದ್ದಕ್ಕೆ 7ರಿಂದಲೇ 2 ಕಳೆದಿದ್ದಾಳೆ. 59 ಬರೆದವನು ಕೂಡಿದ್ದಾನೆ. ಇಬ್ಬರಿಗೂ ಒಂದೇ ಔಷಧ ನಡೆಯದು.

ಮೂರನೇ ವಾರ ಜೋಡಿಗೊಂದೇ ತಪ್ಪು ಆರಿಸಿಕೊಂಡು ಉಪಾಯ ಹುಡುಕಲಿ. 35ರ ತಪ್ಪಿಗೆ ನೂರು ಕಡ್ಡಿ, ಹತ್ತು ರಬ್ಬರ್ ಬ್ಯಾಂಡ್ ಸಾಕು. ಹತ್ತತ್ತರ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಸೇರಿದರೆ 42. ಏಳು ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಅಂದಕ್ಕೆಂದು ಕಟ್ಟುಗಳನ್ನು ಗೋಂದು ಹಾಕಿ ಅಂಟಿಸಿದಿರೋ, ಕೆಟ್ಟಿತು: ಬಿಚ್ಚುವುದೇ ಅಲ್ಲಿನ ಪಾಠ. ಕಡ್ಡಿಯಲ್ಲಿ ಬಂದು ಸ್ಲೇಟಿನಲ್ಲಿ ಬಾರದಿರುವುದು ಇನ್ನೊಂದು ತೊಂದರೆ. ಬಿಚ್ಚಿದ ಕೂಡಲೇ 4 ಹೊಡೆದು 3, 2ರ ಜಾಗದಲ್ಲಿ 12 ಎಂದು ಬರೆಸಿ. ನಾಲ್ಕನೇ ದಿನದಿಂದ ಕಡ್ಡಿ ಮುಚ್ಚಿಡಿ.

ನಾಲ್ಕನೇ ವಾರ ಪರೀಕ್ಷೆ. ಅದೇ ತಪ್ಪು ಮಾಡುವ 16 ಮಕ್ಕಳನ್ನು ಚೀಟಿ ಎತ್ತಿ ಎಂಟೆಂಟಾಗಿ ವಿಂಗಡಿಸಿ. ಎರಡೂ ಗುಂಪಿಗೆ ಹತ್ತು ಲೆಕ್ಕ ಕೊಡಿ. ಐದು ದಿನ, ದಿನಕ್ಕೆ 20 ನಿಮಿಷ, ಒಂದು ಗುಂಪಿಗೆ ಉಪಾಯ, ಇನ್ನೊಂದಕ್ಕೆ ಮಾಮೂಲಿ ಅಭ್ಯಾಸ. ಸಮಯ ಸಮನಾಗಿರಲಿ, ಇಲ್ಲದಿದ್ದರೆ ಗೆದ್ದದ್ದು ಉಪಾಯವೋ ಹೆಚ್ಚಿನ ಅಭ್ಯಾಸವೋ ತಿಳಿಯದು. ಕೊನೆಗೆ ಅದೇ ಬಗೆಯ ಹೊಸ ಹತ್ತು ಲೆಕ್ಕ, ಎರಡು ವಾರ ಬಿಟ್ಟು ಮತ್ತೆ ಹತ್ತು. ಇಷ್ಟು ಕಡಿಮೆ ಮಕ್ಕಳಿಂದ ಏನೂ ಸಾಬೀತಾಗದು, ಆದರೆ ಮುಂದುವರಿಸಬೇಕೋ ಬಿಡಬೇಕೋ ನಿರ್ಧರಿಸಬಹುದು. ಉಪಾಯ ಗೆದ್ದರೆ ಇನ್ನೊಂದು ಗುಂಪಿಗೂ ಆಮೇಲೆ ಅದನ್ನು ಕಲಿಸಿ.

ಕೊನೆಯ ಹತ್ತು ಲೆಕ್ಕಕ್ಕೆ ಕಾಯುವ ಆ ಎರಡು ವಾರ ಸುಮ್ಮನೆ ಕೂರುವುದು ಬೇಡ. ಜೋಡಿಗಳು ತಮ್ಮ ಉಪಾಯವನ್ನು ಅರ್ಧ ಪುಟದಲ್ಲಿ ಬರೆದು ಅದಲುಬದಲು ಮಾಡಿಕೊಳ್ಳಲಿ. ಆ ಅರ್ಧ ಪುಟ ಓದಿಯೇ ಇನ್ನೊಂದು ಜೋಡಿ ಪಾಠ ನಡೆಸಬೇಕು, ಬರೆದವರು ಬಾಯಿ ಬಿಡಕೂಡದು. ಪಾಠ ನಡೆಸುವವರು ತಡೆದು ನಿಂತ ಸಾಲನ್ನು ಅಂದೇ ತಿದ್ದಿ ಬರೆಯಿರಿ.